ಹಗ್ಗದಂಗಡಿಗೆ ನಾಲ್ಕು ಚಾಕು

ಲಕ್ಷ್ಮೇಶ್ವರದ ಹಗ್ಗದಂಗಡಿಯಲ್ಲಿ ಆವತ್ತು ನಾವು ನಾಲ್ಕು ಮಂದಿ ಇದ್ದೆವು. ಗಾದಿಯ ಮೇಲೆ ನನ್ನ ಕಾಕಾ, ಅಂದರೆ ನಮ್ಮಪ್ಪನ ತಮ್ಮ. ಅವನ ಬೆನ್ನ ಹಿಂದೆ, ನೈಲಾನ್ ಹಗ್ಗದ ಸುರುಳಿಗಳ ನಡುವೆ, ಅವನ ಸೊಸೆ. ಕಾಕಾನಿಗೆ ಲಕ್ವಾ ಹೊಡೆದು ಬಲಗೈ ಬಿದ್ದಮೇಲೆ ಅಂಗಡಿ ನಡೆಸುತ್ತಿದ್ದವಳು ಅವಳೇ. ಪಕ್ಕದಲ್ಲಿ ಡಬ್ಬಿಯಂಥ ಅಂಗಡಿ ಇಟ್ಟುಕೊಂಡು ಬೀಗ ರಿಪೇರಿ ಮಾಡುವ ಚಾಚಾ, ಗಿರಾಕಿ ಇಲ್ಲದ ಹೊತ್ತಿಗೆ ನಮ್ಮ ಕಟ್ಟೆಗೆ ಬಂದು ಕೂತಿದ್ದರು. ನಾಲ್ಕನೆಯವನು ನಾನು. ಗದಗಿನಿಂದ ಸುಮ್ಮನೆ ಕಾಕಾನ ಮುಖ ನೋಡಿಕೊಂಡು ಹೋಗೋಣವೆಂದು ಬಂದವನು, ಒಂದು ಕೆಲಸ ತಲೆಗೆ ಕಟ್ಟಿಕೊಂಡು ಹೋದೆ.

ಆಗಿದ್ದಿಷ್ಟು. ಶಿರಹಟ್ಟಿ ಕಡೆಯ ರೈತನೊಬ್ಬ ಬಂದು, ಹೋರಿಗೆ ಹನ್ನೆರಡು ಮೊಳ ಹಗ್ಗ ಬೇಕೆಂದ. ಕಾಕಾ ಎಡಗೈಯಿಂದ ಹಗ್ಗ ಎಳೆದ, ಹಲಗೆಯ ಮೇಲೆ ಹೊಡೆದ ಗುರುತಿಗೆ ಹಿಡಿದು ಅಳೆದ, ಅಳೆದಾದ ಮೇಲೆ ಅದೇ ಎಡಗೈ ತನ್ನಷ್ಟಕ್ಕೆ ತಾನೇ ಮೈಮೇಲೆ ತೊಟ್ಟಿದ್ದ ಬಂಡಿಯ ಕಿಸೆಗೆ ಹೋಯಿತು. ಕಿಸೆ ಖಾಲಿ. ನಲವತ್ತು ವರ್ಷ ಆ ಕಿಸೆಯಲ್ಲಿದ್ದ ಮಡಚುವ ಚಾಕು, ಅವನನ್ನು ಆಸ್ಪತ್ರೆಗೆ ಒಯ್ದ ದಿನ ಬಟ್ಟೆ ಬಿಚ್ಚುವ ಗಡಿಬಿಡಿಯಲ್ಲಿ ಎಲ್ಲಿಯೋ ಹೋಗಿತ್ತು. ಅಷ್ಟರಲ್ಲಿ ಹಿಂದಿನಿಂದ ಸೊಸೆಯ ಕತ್ತರಿ ಬಂದು ಹಗ್ಗವನ್ನು ಕಚಕ್ ಎಂದು ಕತ್ತರಿಸಿತು. ರೈತ ತುದಿಯನ್ನು ತಿರುಗಿಸಿ ನೋಡಿದ.

"ಮದ್ಲ ಓರಿಯಾಗಿ ಕೊಯ್ದು ಕೊಡ್ತಿದ್ರಿ" ಎಂದ. "ಹೋರಿ ಮೂಗಿನ ತೂತಿನಾಗ ಸರಳ ಹೋಗ್ತಿತ್ತು. ಇದು ಬಿಚ್ಚಿಕೋತೈತಿ."

ಅವನು ಹೋದ ಮೇಲೆ ಕಾಕಾ ಖಾಲಿ ಕಿಸೆಯನ್ನು ಇನ್ನೊಮ್ಮೆ ತಡವಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಲೇ ತಮ್ಮಾ, ನನಗೊಂದು ಚಾಕು ತಂದು ಕೊಡು. ಮಡಚೂ ಚಾಕು. ಭಾಳ ತುಟ್ಟೀದು ಬ್ಯಾಡ. ನನ್ನ ಕೈಲೆ ಹಗ್ಗ ಕೊಯ್ಯಾಕ ಬಂದ್ರ ಈ ಗಾದಿಮ್ಯಾಲೆ ಕುಂಡ್ರತೀನಿ. ಬರಲಿಲ್ಲಾಂದ್ರ ಮನ್ಯಾಗ ಇರತೀನಿ. ಇಲ್ಲಿ ಗೊಂಬಿಗತೆ ಕುಂತು ಏನ್ ಮಾಡ್ಲಿ?"

"ಮಾವಾರ, ನಾ ಏನ್ ಅಂದೆ ಈಗ? ಜಲ್ದಿ ಆಗ್ಲಿ ಅಂತ ಕೊಯ್ದೆ" ಎಂದಳು ಸೊಸೆ.

"ನೀ ಏನೂ ಅಂದಿಲ್ಲವಾ. ನಿನ್ನ ಕತ್ರಿ ಅಂತು."

ಚಾಚಾ ಗಡ್ಡ ಕೆರೆದುಕೊಳ್ಳುತ್ತ ನಕ್ಕರು. ನಾನೂ ನಕ್ಕೆ. ಚಾಕು ತರುವುದೇನು ದೊಡ್ಡ ಮಾತು ಎಂದುಕೊಂಡೆ. ಅಲ್ಲಿಂದ ಶುರುವಾದ ಗೊಂದಲ ಮುಂದೆ ಎರಡು ತಿಂಗಳು ನನ್ನನ್ನು ಬಿಡಲಿಲ್ಲ.

ಮೊದಲನೆಯದನ್ನು ಗದಗ ಬಸ್ ಸ್ಟ್ಯಾಂಡಿನ ಹತ್ತಿರ ನೆಲದ ಮೇಲೆ ಗೋಣಿತಾಟು ಹಾಸಿ ಸಾಮಾನು ಮಾರುವವನ ಹತ್ತಿರ ಕೊಂಡೆ. ಕಟ್ಟಿಗೆಯ ಹಿಡಿ, ತೆಳ್ಳನೆಯ ಅಲಗು. ನನಗೆ ಪರೀಕ್ಷೆ ಮಾಡಲು ಏನು ಗೊತ್ತು? ಎರಡು ಸಲ ತಿರುಗಿಸಿ ನೋಡಿದೆ.

"ಧಾರ ಹೆಂಗ ಐತಿ?" ಎಂದು ಕೇಳಿದೆ.

"ಕೊಯ್ದು ನೋಡ್ರಿ ಸಾಹೇಬ್ರ. ಉಳ್ಳಾಗಡ್ಡಿ ಕೊಯ್ದ್ರ ಉಳ್ಳಾಗಡ್ಡಿಗೇ ಗೊತ್ತಾಗೂದಿಲ್ಲ" ಎಂದು ಅವನು ಚಾಕು ಬಿಚ್ಚಿ ಗೋಣಿಯ ಮೇಲೆ ಇಟ್ಟ. ನಾನು ಅಲ್ಲಿಂದ ಎತ್ತಿಕೊಂಡೆ.

ಇದನ್ನು ಬೇರೆ ಕಡೆಯವರಿಗೆ ಹೇಳಬೇಕಾಗುತ್ತದೆ. ನಮ್ಮ ಕಡೆ ಚಾಕು, ಉಪ್ಪು, ಮೆಣಸಿನಕಾಯಿ ಇವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಹತ್ತುತ್ತದೆ ಎಂದು ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಕೈ ಚಾಚಿದರೆ ಕೈಮೇಲೆ ಹೊಡೆಯುತ್ತಿದ್ದಳು. ಕೆಳಗೆ ಇಡಬೇಕು, ಎದುರಿನವರು ಎತ್ತಿಕೊಳ್ಳಬೇಕು. ಅದರ ಮೇಲೆ ಹಿರಿಯರಿಗಾದರೆ ಬಿಚ್ಚಿ, ಹಿಡಿ ಅವರ ಕಡೆ ಮಾಡಿ ಇಡಬೇಕು. ಇದು ಎಷ್ಟು ಮೈಗೆ ಹತ್ತಿದೆಯೆಂದರೆ, ಮಾಡುತ್ತಿದ್ದೇನೆಂದು ನನಗೇ ಗೊತ್ತಾಗುವುದಿಲ್ಲ.

ಲಕ್ಷ್ಮೇಶ್ವರಕ್ಕೆ ಹೋದೆ. ಚಾಕು ಬಿಚ್ಚಿದೆ, ಹಲಗೆಯ ಮೇಲೆ ಇಟ್ಟೆ, ಹಿಡಿ ಕಾಕಾನ ಕಡೆ. ಕಾಕಾ ಒಂದು ತುಂಡು ಹಗ್ಗವನ್ನು ಹಲಗೆಯ ಮೇಲೆ ಹಾಸಿ, ಬಿದ್ದ ಬಲಗೈಯನ್ನು ಕಲ್ಲು ಹೇರಿದಂತೆ ಅದರ ಮೇಲೆ ಹೇರಿ, ಎಡಗೈಯಿಂದ ಚಾಕು ಎತ್ತಿ ಓರೆಯಾಗಿ ಎಳೆದ. ಹಗ್ಗ ತುಂಡಾಯಿತು. ತುದಿ ನೋಡಿದ. ಸೊಸೆಗೆ ತೋರಿಸಿದ. ಚಾಚಾನಿಗೆ ತೋರಿಸಿದ.

"ಆತು ನೋಡು! ಇದು ಕೊಯ್ಯೂದು!"

ಆ ಸಂತೋಷದಲ್ಲಿ ನನಗೆ ಚಹಾ ಎರಡು ಸಲ ಬಂತು. ನಾನು ಗೆದ್ದವನ ಹಾಗೆ ಬಸ್ ಹತ್ತಿ ಬಂದೆ.

ಮೂರನೆಯ ದಿನ ಸೊಸೆಯ ಫೋನಿನಿಂದ ಕಾಕಾನ ದನಿ.

"ತಮ್ಮಾ, ಆ ಚಾಕು ನಡಿಯೂದಿಲ್ಲ."

"ಯಾಕ ಕಾಕಾ? ಛಲೋ ಕೊಯ್ತಿತ್ತಲ್ಲ?"

"ಹಗುರ ಆತು. ಕೈಯಾಗ ಐತೋ ಇಲ್ಲೋ ತಿಳಿಯೂದಿಲ್ಲ. ಬ್ಯಾರೇದು ನೋಡು."

ಹಗುರವಾದರೆ ಭಾರದ್ದು ತರಬೇಕು. ಈ ಸಲ ಗದಗಿನ ದೊಡ್ಡ ಹಾರ್ಡ್‌ವೇರ್ ಅಂಗಡಿಗೇ ಹೋದೆ. ಅಲ್ಲಿಯವನು ಗಾಜಿನ ಪೆಟ್ಟಿಗೆಯ ಮೇಲೆ ಪೇಪರು ಹಾಸಿ, ಏಳು ಚಾಕು ಬಿಚ್ಚಿ ಸಾಲಾಗಿ ಇಟ್ಟ. ಒಂದಕ್ಕೆ ಲಾಕು ಇತ್ತು, ಒಂದಕ್ಕೆ ಇರಲಿಲ್ಲ. ಒಂದಕ್ಕೆ ಬೆಲ್ಟಿಗೆ ಸಿಗಿಸುವ ಕ್ಲಿಪ್ಪು. ಒಂದರ ಅಲಗಿಗೆ ಗರಗಸದ ಹಲ್ಲು.

"ಹಲ್ಲಿಂದು ಹಗ್ಗಕ್ಕ ಛಲೋರಿ" ಎಂದ.

ಅಂಗಡಿಗೆ ಬಂದ ಇನ್ನೊಬ್ಬ ಗಿರಾಕಿ, ಬೆಟಗೇರಿಯ ನೇಕಾರನಂತೆ, ನಡುವೆ ಬಾಯಿ ಹಾಕಿದ. "ಹಲ್ಲಿಂದು ಒಯ್ಯಬ್ಯಾಡ್ರಿ. ಸಾಣಿ ಹಿಡಿಯಾಕ ಬರೂದಿಲ್ಲ. ಸಾದಾ ಉಕ್ಕಿಂದು ಒಯ್ಯಿರಿ."

"ಸಾದಾ ಉಕ್ಕು ಜಂಗು ಹಿಡಿತೈತ್ರಿ, ಸ್ಟೀಲ್ ಒಯ್ಯಿರಿ" ಎಂದ ಅಂಗಡಿಯವನು.

"ಸ್ಟೀಲಿಗೆ ಧಾರ ನಿಲ್ಲೂದಿಲ್ಲ."

"ಏನ್ ಹೇಳ್ತೀರಿ, ನಾ ಇಪ್ಪತ್ತು ವರ್ಷ ಮಾರೇನಿ."

"ನೀವು ಮಾರೀರಿ, ನಾವು ಕೊಯ್ದೀವಿ."

ಅವರಿಬ್ಬರಿಗೆ ಜಗಳ ಹತ್ತಿತು. ಚಾಕು ಮಾತ್ರ ಪೇಪರಿನ ಮೇಲೇ ಇದ್ದವು. ನಾನು ಯಾರ ಮಾತು ಕೇಳಬೇಕೋ ತಿಳಿಯದೆ, ಎಲ್ಲಕ್ಕಿಂತ ಭಾರವಾದದ್ದನ್ನು ಎತ್ತಿಕೊಂಡೆ. ಲಾಕು ಇದ್ದದ್ದು. ಲಾಕು ಇದ್ದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಬಸ್ಸಿನಲ್ಲಿ ಇಡೀ ದಾರಿ ವಿಚಾರ ಮಾಡಿದೆ.

ಅದೂ ಹಾಗೆಯೇ ಆಯಿತು. ನನ್ನ ಎದುರಿಗೆ ಕಾಕಾ ಹಗ್ಗ ಕೊಯ್ದ, ಹೊಗಳಿದ, ಚಹಾ ತರಿಸಿದ. ಎರಡು ದಿನ ಬಿಟ್ಟು ಫೋನು.

"ಭಾರ ಆತು ತಮ್ಮಾ. ಕಿಸೆ ಜೋತು ಬೀಳ್ತೈತಿ."

"ಕಾಕಾ, ಹಗುರಾಗಿದ್ದು ಬ್ಯಾಡ ಅಂದಿ..."

"ಹೂಂ. ಅದು ಹಗುರ. ಇದು ಭಾರ. ನಡುವಿಂದು ಸಿಗೂದಿಲ್ಲೇನು ಊರಾಗ?"

ಮನೆಯಲ್ಲಿ ಮಗಳು ನನ್ನ ಪೇಚಾಟ ನೋಡಿ ಫೋನಿನಲ್ಲಿ ಹುಡುಕಿ ಕೊಟ್ಟಳು. ಅಲ್ಲಿ ಚಾಕುಗಳ ಸಮುದ್ರವೇ ಇತ್ತು. ಬೆರಳು ಸರಿಸಿದಷ್ಟೂ ಚಾಕು. ಒಂದೊಂದರ ಕೆಳಗೂ ಕೊಂಡವರ ಮಾತು. ಒಬ್ಬ ಐದು ಚುಕ್ಕಿ ಕೊಟ್ಟು 'ಗಡಿಯಾರ ಬಹಳ ಚೆನ್ನಾಗಿದೆ' ಎಂದು ಬರೆದಿದ್ದ. ಇನ್ನೊಬ್ಬ ಒಂದೇ ಚುಕ್ಕಿ ಕೊಟ್ಟು 'ಬಹಳ ಹರಿತ, ಬೆರಳು ಕೊಯ್ದಿತು' ಎಂದು ಬೈದಿದ್ದ.

"ಅಪ್ಪಾ, ಇದು ಛಲೋ ಐತಿ ಅಂತ ಅರ್ಥನೋ ಕೆಟ್ಟ ಐತಿ ಅಂತನೋ?" ಎಂದು ಮಗಳು ಕೇಳಿದಳು. ಬೆರಳು ಕೊಯ್ಯಿಸಿಕೊಂಡವನನ್ನೇ ನಂಬಿ ತರಿಸಿದೆವು. ಹಿಡಿ, ಅಲಗು ಎಲ್ಲ ಕರ‍್ರಗೆ ಬಂತು.

ಅದನ್ನೂ ಒಯ್ದು ಕೊಟ್ಟೆ. ಮತ್ತೆ ಕಾಕಾನ ಫೋನು.

"ಕರೀದು ತಮ್ಮಾ. ಹಗ್ಗದ ಸುರುಳ್ಯಾಗ ಬಿದ್ರ ಕಣ್ಣಿಗೆ ಕಾಣೂದಿಲ್ಲ."

ಮದುವೆಯೊಂದಕ್ಕೆ ಮುಂಡರಗಿಗೆ ಹೋದಾಗ ಅಲ್ಲಿಯ ಅಂಗಡಿಯೊಂದರಲ್ಲಿ ಕೆಂಪು ಪ್ಲಾಸ್ಟಿಕ್ ಹಿಡಿಯದೊಂದು ಸಿಕ್ಕಿತು. ಹಗುರವೂ ಅಲ್ಲ, ಭಾರವೂ ಅಲ್ಲ. ನೂರು ಹೆಜ್ಜೆಯಿಂದ ಕಾಣುವಷ್ಟು ಕೆಂಪು. ಇದಕ್ಕಾದರೂ ಏನು ಕುಂದು ಹೇಳುತ್ತಾನೆ ನೋಡೋಣ ಎಂದು ತಂದು ಕೊಟ್ಟೆ.

"ಸಣ್ ಹುಡುಗ್ರ ಆಟಿಗಿ ಸಾಮಾನಗತೆ ಐತಿ ತಮ್ಮಾ. ಮಂದಿ ನಗ್ತಾರ."

ಇಷ್ಟು ಹೊತ್ತಿಗೆ ನನ್ನ ತಲೆ ಪೂರ್ತಿ ಕೆಟ್ಟಿತ್ತು. ಖರೆ ಹೇಳಬೇಕೆಂದರೆ ಸಿಟ್ಟೂ ಬಂದಿತ್ತು. ಕಾಕಾನಿಗೆ ಚಾಕು ಬೇಕಿಲ್ಲವೇ? ಕಳೆದುಹೋದ ಹಳೆಯ ಚಾಕುವೇ ತಿರುಗಿ ಬರಬೇಕೆಂಬ ಹಟವೇ? ಅಥವಾ ನಾನೇ ಎಲ್ಲಿಯೋ ಮರೆತು ಚಾಕುವನ್ನು ಅವನ ಕೈಗೇ ಕೊಟ್ಟು, ಅಮ್ಮ ಹೇಳಿದ ಜಗಳ ಹೀಗೆ ಮೆಲ್ಲಗೆ ಬರುತ್ತಿದೆಯೇ? ನೆನಪು ಮಾಡಿಕೊಂಡೆ. ಇಲ್ಲ, ನಾಲ್ಕು ಸಲವೂ ಬಿಚ್ಚಿ, ಹಲಗೆಯ ಮೇಲೇ ಇಟ್ಟಿದ್ದೆ.

ಸೊಸೆಯ ಗುಮಾನಿ ಬೇರೆ ಇತ್ತು. ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು. "ಭಾವಾರ, ಮಾವಾರಿಗೆ ಅಂಗಡಿಗೆ ಬರೂ ಮನಸೇ ಇಲ್ಲ ಅನಸ್ತೈತಿ. ಚಾಕೂದು ಒಂದು ನೆವ. ನಾಳಿಂದ ಬರೂದಿಲ್ಲ ಅಂತ ಹೇಳ್ಯಾರ. ನಾ ಏನರ ತಪ್ಪು ಮಾಡೇನೇನು?"

ಅವಳ ದನಿಯಲ್ಲಿ ಅಳು ಇತ್ತು. ಮರುದಿನ ಬೆಳಿಗ್ಗೆ ಮೊದಲನೆಯ ಬಸ್ಸಿಗೇ ಹೊರಟೆ. ಮನೆಗೆ ಹೋಗಿ, "ಇವತ್ತೊಂದು ದಿನ ನಡಿ ಕಾಕಾ, ಕಡೀದು" ಎಂದು ಕರೆದುಕೊಂಡು ಬಂದು ಗಾದಿಯ ಮೇಲೆ ಕೂರಿಸಿದೆ. ಸೊಸೆ ಡಬ್ಬಿಯಲ್ಲಿಟ್ಟಿದ್ದ ನಾಲ್ಕೂ ಚಾಕು ತಂದಳು. ನಾನು ನಾಲ್ಕನ್ನೂ ಬಿಚ್ಚಿ ಹಲಗೆಯ ಮೇಲೆ ಸಾಲಾಗಿ ಇಟ್ಟೆ.

"ಒಂದೊಂದರಾಗ ಏನೇನು ಕಡಿಮಿ ಐತಿ, ಇವತ್ತು ಬಿಡಿಸಿ ಹೇಳು. ನನಗ ತಿಳಿವಲ್ದು."

ಕಾಕಾ ಬೀದಿಯ ಕಡೆ ನೋಡುತ್ತ ಕೂತ. ಅಷ್ಟರಲ್ಲಿ ಚಾಚಾ ಬಂದರು. "ಏನ್ರಿ ಇದು, ಕಟುಕರ ಅಂಗಡಿ ತಗದೀರೇನು?" ಎನ್ನುತ್ತ ಒಂದೊಂದನ್ನೂ ಎತ್ತಿ ನೋಡಿದರು. ಬೀಗದ ಕೆಲಸದವರ ಕೈ. ನೋಡಿದ್ದನ್ನು ಹಾಗೇ ಬಿಡುವುದಿಲ್ಲ, ಮುಚ್ಚಿಯೇ ಇಡುತ್ತದೆ. ನೋಡಿದರು, ಟಕ್ ಎಂದು ಮಡಚಿದರು, ಇಟ್ಟರು. ನಾಲ್ಕೂ ಮುಚ್ಚಿಕೊಂಡವು. ಕೊನೆಯ ಕೆಂಪು ಚಾಕು ಅವರ ಕೈಯಲ್ಲೇ ಇತ್ತು.

ಆಗ ಒಬ್ಬ ಹೆಣ್ಣುಮಗಳು ಬಂದು, ಕರುವಿಗೆ ಕಣ್ಣಿ ಬೇಕು, ನಾಲ್ಕು ಮೊಳ ಕೊಡ್ರಿ ಎಂದಳು. ಕಾಕಾ ಅಳೆದ. ಅಭ್ಯಾಸದ ಮೇಲೆ ಎಡಗೈ ಚಾಚಿ, "ಕೊಡ್ರಿ ಇಲ್ಲೆ" ಎಂದ. ಚಾಚಾ ಮಡಚಿದ ಚಾಕುವನ್ನು ಅವನ ಅಂಗೈಯಲ್ಲಿ ಇಟ್ಟುಬಿಟ್ಟರು.

"ಅಯ್ಯ ಚಾಚಾ, ಕೈಯಾಗ ಕೊಟ್ಟಿರೆಲ್ಲ!" ಎಂದು ಸೊಸೆ ಕೂಗಿದಳು.

"ಮುಚ್ಚಿದ್ದು ಐತೆಲ್ಲ ಬೇಟಿ. ಮುಚ್ಚಿದ್ ಚಾಕು ಏನ್ ಜಗಳ ಮಾಡ್ತೈತಿ?"

ಸೊಸೆ ನಕ್ಕಳು. ನಾನೂ ನಕ್ಕೆ. ಕಾಕಾ ನಗಲಿಲ್ಲ. ಚಾಕು ಅವನ ಎಡಗೈಯಲ್ಲಿ ಮುಚ್ಚಿಕೊಂಡೇ ಇತ್ತು. ಹೆಬ್ಬೆರಳ ಉಗುರನ್ನು ಅಲಗಿನ ಗೀರಿಗೆ ಹಾಕಿ ನೂಕಿದ. ಹಿಡಿ ಹಿಡಿಯಲು ಇನ್ನೊಂದು ಕೈ ಇಲ್ಲ, ಚಾಕು ಅಂಗೈಯಲ್ಲಿ ಹೊರಳಿತು. ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಎಳೆದ, ಜಾರಿತು. ಮತ್ತೆ ಎತ್ತಿಕೊಂಡ. ಬಾಯಿಯ ತನಕ ಒಯ್ದ. ಮುಂದಿನ ಹಲ್ಲು ಅವನಿಗೆ ಎಂದೋ ಹೋಗಿದ್ದವು. ಹೆಣ್ಣುಮಗಳು ಹಗ್ಗ ಹಿಡಿದು ಕಾಯುತ್ತ ನಿಂತಿದ್ದಳು. ಕಾಕಾ ಚಾಕುವನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟ.

"ಕತ್ರಿಲೆ ಕೊಯ್ದು ಕೊಡವಾ" ಎಂದ ಸೊಸೆಗೆ.

ಸೊಸೆ ಕೊಯ್ದು ಕೊಟ್ಟಳು. ಹೆಣ್ಣುಮಗಳು ಹೋದಳು. ನನಗಂತೂ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎರಡು ತಿಂಗಳು ಉಕ್ಕು, ಸ್ಟೀಲು, ಹಲ್ಲು, ಲಾಕು, ಬಣ್ಣ, ಭಾರ ಎಲ್ಲ ವಿಚಾರ ಮಾಡಿದ್ದೆ. ಒಂದೇ ಕೈ ಇರುವವನು ಚಾಕುವನ್ನು ಹೇಗೆ ಬಿಚ್ಚುತ್ತಾನೆ ಎಂದು ಒಮ್ಮೆಯೂ ವಿಚಾರ ಮಾಡಿರಲಿಲ್ಲ. ಬಿಚ್ಚುವುದನ್ನು ಪ್ರತಿ ಸಲ ನಾನೇ ಮಾಡಿದ್ದೆ, ಮರ್ಯಾದೆಯೆಂದು. ನಾನು ಹೋದ ಮೇಲೆ ಕಾಕಾ ಒಮ್ಮೆ ಮಡಚಿ ಕಿಸೆಗೆ ಇಟ್ಟರೆ ಮುಗಿಯಿತು, ಅದು ತಿರುಗಿ ತೆರೆಯುತ್ತಿರಲಿಲ್ಲ. ಬಿಚ್ಚಿ ಕೊಡು ಎಂದು ಸೊಸೆಗೆ ಹೇಳುವುದಕ್ಕಿಂತ ಚಾಕು ಹಗುರ, ಚಾಕು ಭಾರ ಎಂದು ನನಗೆ ಹೇಳುವುದು ಅವನಿಗೆ ಸುಲಭವಾಗಿತ್ತು.

"ಮದ್ಲ ಹೇಳಬಾರದಿತ್ತೇನು ಕಾಕಾ" ಎಂದೆ.

"ಏನಂತ ಹೇಳ್ಲಿ? ನಲವತ್ತು ವರ್ಷ ಚಾಕು ಹಿಡದವಗ ಚಾಕು ಬಿಚ್ಚಾಕ ಬರೂದಿಲ್ಲ ಅಂತ ಹೇಳ್ಲಿ?"

ಚಾಚಾ ಎದ್ದರು. "ಸುಮ್ನಿರಣ್ಣಾ. ಕೈ ತಪ್ಪಲ್ಲ, ಚಾಕು ತಪ್ಪು. ನನ್ನ ಹಂತೇಕ ಬರೂ ಬೀಗ ಎಲ್ಲಾ ಇದ ರೋಗದ್ದು" ಎಂದು ನಾಲ್ಕೂ ಚಾಕುಗಳನ್ನು ಬಾಚಿಕೊಂಡು ತಮ್ಮ ಡಬ್ಬಿ ಅಂಗಡಿಗೆ ಹೋದರು. ನಾನೂ ಹಿಂದೆ ಹೋದೆ.

ಅವರ ವಿಚಾರ ಸರಳವಾಗಿತ್ತು. ಅಲಗಿನ ಬೆನ್ನಿನ ಹತ್ತಿರ ಒಂದು ತೂತು ಹಾಕಿ ಕೀಲಿಕೈಗೆ ಹಾಕುವ ರಿಂಗು ಪೋಣಿಸುವುದು. ಮೊದಲು ಹಾರ್ಡ್‌ವೇರ್ ಅಂಗಡಿಯ ಭಾರದ ಚಾಕು ಹಿಡಿದರು. ಡ್ರಿಲ್ಲು ಕಿರ‍್ರೆಂದಿತು, ಅಲಗು ಕಾಯಿತು, ತೂತು ಬೀಳಲಿಲ್ಲ. "ಭಾಳ ಶಾಣೇ ಉಕ್ಕು ಇದು" ಎಂದು ಪಕ್ಕಕ್ಕಿಟ್ಟರು. ಕರಿಯದಕ್ಕೆ ಡ್ರಿಲ್ಲಿನ ಮೂಗೇ ಹೋಯಿತು. ಕೆಂಪಿನದು ಅರ್ಧ ತೂತಾಗಿ ನಿಂತಿತು. ಕಡೆಗೆ ಉಳಿದದ್ದು ಬಸ್ ಸ್ಟ್ಯಾಂಡಿನ ಗೋಣಿಯ ಮೇಲೆ ಕೊಂಡ ಕಟ್ಟಿಗೆ ಹಿಡಿಯದು. ಅದರ ಅಗ್ಗದ ಅಲಗು ಮೆತ್ತಗಿತ್ತು. ಡ್ರಿಲ್ಲು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

"ಇದ ನೋಡು, ಮಾತು ಕೇಳೂ ಚಾಕು" ಎಂದರು ಚಾಚಾ.

ರಿಂಗು ಹಾಕಿಕೊಂಡು ಬಂದೆವು. ಕಾಕಾನ ಎಡಕ್ಕೆ, ಗಾದಿಯಿಂದ ಕೈಗೆ ಎಟಕುವಷ್ಟು ದೂರದಲ್ಲಿ, ಹಗ್ಗದ ಸುರುಳಿ ನೇತುಹಾಕುವ ಕಬ್ಬಿಣದ ಕೊಕ್ಕೆ ಗೋಡೆಯಲ್ಲಿತ್ತು. ಚಾಚಾ ಏನೂ ವಿವರಿಸದೆ, ಮಡಚಿದ ಚಾಕುವನ್ನು ಕಾಕಾನ ಕೈಗೇ ಕೊಟ್ಟರು. ಈ ಸಲ ಸೊಸೆ ಕೂಗಲಿಲ್ಲ. ಕಾಕಾ ರಿಂಗು ನೋಡಿದ, ಕೊಕ್ಕೆ ನೋಡಿದ. ರಿಂಗನ್ನು ಕೊಕ್ಕೆಗೆ ಸಿಗಿಸಿ ಹಿಡಿಯನ್ನು ತನ್ನ ಕಡೆ ಎಳೆದ. ಟಕ್. ಅಲಗು ತೆರೆಯಿತು. ಅಲಗಿನ ಬೆನ್ನನ್ನು ಹಲಗೆಯ ಅಂಚಿಗೆ ಒತ್ತಿದ, ಮುಚ್ಚಿತು. ಮತ್ತೆ ಸಿಗಿಸಿದ, ಎಳೆದ, ಟಕ್. ಮತ್ತೆ.

"ಮಾವಾರ, ಸಾಕ್ರಿ, ಸವದ ಹೋಗ್ತೈತಿ" ಎಂದಳು ಸೊಸೆ. ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಸವೀಲಿ ಬಿಡು. ಅಗ್ಗದ್ದು ಐತಿ" ಎಂದ ಕಾಕಾ.

ಬೇಡವಾದ ಮೂರು ಚಾಕುಗಳು ಈಗ ನಮ್ಮ ಮನೆಯ ಕಪಾಟಿನಲ್ಲಿವೆ. ಆ ಭಾರದ್ದು ಒಳ್ಳೆಯ ಚಾಕುವೋ ಕೆಟ್ಟದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಹಲ್ಲಿನ ಅಲಗಿನ ವಿಷಯದಲ್ಲಿ ಅಂಗಡಿಯವನು ಸರಿಯೋ ಬೆಟಗೇರಿಯವನು ಸರಿಯೋ ಅದೂ ತಿಳಿದಿಲ್ಲ. ಕಿಸೆಯಲ್ಲಿಡಲು ಅಗ್ಗದ್ದೊಂದು ಚಾಕು ಹೇಳಿ ಎಂದು ಪರಿಚಯದವರು ಕೇಳಿದರೆ, ಮೊದಲು ಅವರ ಕೈ ನೋಡುತ್ತೇನೆ.

ಯುಗಾದಿ ಮುಗಿದ ವಾರ ಸೊಸೆಯ ಫೋನು ಬಂತು. ಚಾಕುವೇ ಕೆಟ್ಟಿರಬೇಕೆಂದುಕೊಂಡೆ. ಚಾಕು ಕೆಟ್ಟಿರಲಿಲ್ಲ, ಕೊಕ್ಕೆ ಗೋಡೆಯಿಂದ ಕಿತ್ತು ಬಂದಿತ್ತು. ಬಂದ ಗಿರಾಕಿಗಳಿಗೆಲ್ಲ ಬಿಚ್ಚಿ ತೋರಿಸಿ, ಮುಚ್ಚಿ ತೋರಿಸಿ, ಕಾಕಾ ಅದನ್ನು ಸಡಿಲ ಮಾಡಿದ್ದನಂತೆ. ನಾನು ಹೋಗಿ ಸಿಮೆಂಟು ಕಲಸಿ ಗಟ್ಟಿಯಾಗಿ ಕೂರಿಸಿದೆ. ಸಿಮೆಂಟು ಆರುವ ತನಕ ಮುಟ್ಟಬೇಡ ಎಂದು ಕಾಕಾನಿಗೆ ಎರಡು ಸಲ ಹೇಳಿದೆ. ಒಬ್ಬ ಗಿರಾಕಿ ಎಂಟು ಮೊಳ ಹಗ್ಗ ಕೇಳಿಕೊಂಡು ಬಂದ. ಕಾಕಾ ಅಳೆದು, ಮಡಚಿದ ಚಾಕುವನ್ನು ಕಿಸೆಯಿಂದ ತೆಗೆದು ಸೊಸೆಯ ಕೈಗೆ ಕೊಟ್ಟ. "ಇವತ್ತೊಂದು ದಿನ ನೀ ಬಿಚ್ಚವಾ" ಎಂದ. ಅವಳು ಬಿಚ್ಚಿ ಹಲಗೆಯ ಮೇಲೆ ಇಟ್ಟಳು. ಅವನು ಎತ್ತಿಕೊಂಡು ಓರೆಯಾಗಿ ಕೊಯ್ದ.